ವಾಮದೇವಪ್ಪನವರ ಮೂರನೇ ವಿಂಧ್ಯ

ನಲವತ್ತು ದಿನದಲ್ಲಿ ಮೂರನೇ ಸಲ ಆ ಕಾರು ನಮ್ಮ ಸರ್ವಿಸ್ ಸೆಂಟರಿನ ಗೇಟಿನೊಳಗೆ ಬಂದಾಗ ನಾನು ಕೌಂಟರಿನಲ್ಲಿ ಬೇರೊಬ್ಬರ ಜಾಬ್ ಕಾರ್ಡ್ ಬರೆಯುತ್ತಿದ್ದೆ. ತಲೆ ಎತ್ತದೆಯೇ ಯಾರೆಂದು ಗೊತ್ತಾಯಿತು. ಕಿಟಕಿ ಗಾಜು ಇಳಿಸಿದ್ದರಿಂದ ಒಳಗಿನ ಸದ್ದು ಹೊರಗೂ ಕೇಳುತ್ತಿತ್ತು. ಗೇಟಿನಿಂದ ನನ್ನ ಮುಂದೆ ಬಂದು ನಿಲ್ಲುವವರೆಗೂ ಅದು ಕೀಂ ಕೀಂ ಎಂದು ಒಂದೇ ಸಮನೆ ಕೂಗಿಕೊಂಡೇ ಬಂತು.

ವಾಮದೇವಪ್ಪನವರು ಇಳಿದು ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ಮಂಡಿಪೇಟೆಯಲ್ಲಿ ಅವರದು ಬೆಲ್ಲದ ಮಂಡಿ. ವಯಸ್ಸು ಎಪ್ಪತ್ತರ ಹತ್ತಿರ. ಎಷ್ಟೇ ಸಿಟ್ಟಿದ್ದರೂ ಅವರು ಕಾರಿನ ಬಾಗಿಲನ್ನು ದಡಾರನೆ ಹಾಕಿದ್ದನ್ನು ನಾನು ನೋಡಿಲ್ಲ.

"ಅಳಾದು ನಿಂತಿಲ್ಲಪ್ಪ ದಾನಿಶ್."

"ಕೂಡ್ರಿ ಸಾವ್ಕಾರ್ರೆ. ನೀರು ತರಿಸ್ಲಾ?"

"ನೀರು ಬ್ಯಾಡ. ಹೋದ ಸಲಾನೂ ನೀರು ಕುಡಿಸೇ ಕಳಿಸಿದ್ದಿ."

ಪಕ್ಕದಲ್ಲಿದ್ದ ಗ್ರಾಹಕರು ನಕ್ಕರು. ನಾನೂ ನಗಬೇಕೇನೋ ಎಂದುಕೊಂಡೆ, ಆಗಲಿಲ್ಲ.

"ಮುಂದೆ ಏನಾದ್ರೂ ಅಡ್ಡ ಬಂದ್ರೆ ಮಾತ್ರ ಕೂಗ್ತೈತೆ ಅಂದಿದ್ದಿ," ಎಂದರು ವಾಮದೇವಪ್ಪನವರು. "ಗಾಂಧಿ ಸರ್ಕಲ್‌ನಿಂದ ಇಲ್ಲೀತನಕ ನನ್ನ ಮುಂದೆ ಇದ್ದದ್ದು ರಸ್ತೆ. ರಸ್ತೆ ಕಂಡ್ರೆ ಅಳೋ ಕಾರು ಮಾಡ್ಯಾರಲ್ಲೋ. ಹಳೇ ವಿಂಧ್ಯ ಹದಿನೇಳು ವರ್ಷ ಓಡಿಸ್ದೆ. ಒಂದಿನ ನನಗೆ ಎದುರು ಮಾತಾಡಲಿಲ್ಲ ಅದು."

ಮೊದಲ ಸಲ ಬಂದಾಗ ಸಾಫ್ಟ್‌ವೇರ್ ಹೊಸದು ಹಾಕಿದ್ದೆವು. ಎರಡನೇ ಸಲ ವೈರಿನ ಜೋಡಣೆಗಳನ್ನೆಲ್ಲ ಬಿಚ್ಚಿ ಸ್ವಚ್ಛ ಮಾಡಿದ್ದೆವು. ಈ ಸಲ ಟೆಕ್ನಿಷಿಯನ್ ತೋಟಪ್ಪ ಲ್ಯಾಪ್‌ಟಾಪ್ ಜೋಡಿಸಿ ನೋಡಿ, ಮುಂದಿನ ಬಂಪರಿನ ನಾಲ್ಕು ಸೆನ್ಸರ್‌ಗಳೂ ತಮ್ಮೆದುರು ಒಂದು ಗೋಡೆ ಇದೆಯೆಂದು ಹೇಳುತ್ತಿವೆ ಎಂದ. ನಾಲ್ಕನ್ನೂ ಬದಲಾಯಿಸೋಣ, ಕಂಪನಿಗೆ ಬರೆಯಿರಿ ಎಂದರು ಮ್ಯಾನೇಜರ್. ಬಿಡಿಭಾಗ ಬರಲು ಹದಿನೈದು ದಿನವಾದರೂ ಬೇಕಿತ್ತು.

ಅದನ್ನು ಹೇಳಿದಾಗ ವಾಮದೇವಪ್ಪನವರು ಕೌಂಟರಿನ ಮೇಲಿದ್ದ ಕೀಲಿ ಎತ್ತಿಕೊಂಡರು.

"ನನ್ನ ಮಗ ವೀರೇಶ ಇದು ಬ್ಯಾಡ ಅಂದಿದ್ದ. ನೀನು ತಗೊಳ್ರಿ ಅಂದಿ. ನಿನ್ನ ಮಾತಿಗೆ ತಗೊಂಡೆ. ಅಮಾಸಿಗೆ ಇನ್ನು ಎಂಟು ದಿನ ಐತೆ. ಅಷ್ಟರಾಗೆ ಸುಮ್ಮನಾದ್ರೆ ಸರಿ. ಇಲ್ಲಾಂದ್ರೆ ಮಾರಿಬಿಡ್ತೀನಿ. ಆಮ್ಯಾಲೆ ನೀನು ಚಲೋ ಐತೆ ಅಂದದ್ದನ್ನ ನಾನು ಕೇಳಾದಿಲ್ಲಪ್ಪ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಅವರು ನನ್ನ ಮಾತನ್ನು ನಂಬಿದ್ದು ನನ್ನಿಂದಾಗಿ ಅಲ್ಲ, ನನ್ನ ಹಿದಾಯತ್ ಮಾಮೂನಿಂದಾಗಿ. ಮಾಮೂ ಎಂದರೆ ನನ್ನ ತಾಯಿಯ ತಮ್ಮ. ಹರಿಹರದಲ್ಲಿ ಶಿವಮೊಗ್ಗ ರಸ್ತೆಗೆ ಅವರದೊಂದು ತಗಡಿನ ಗ್ಯಾರೇಜಿದೆ. ವಾಮದೇವಪ್ಪನವರ ಮೊದಲ ವಿಂಧ್ಯವೂ ಎರಡನೆಯದೂ ಮಾಮೂನ ಕೈಯಲ್ಲೇ ಬಾಳಿದವು. ಬೆಲ್ಲದ ಸಾಲಿನ ಮಂಡಿಗಳು ಅಮಾವಾಸ್ಯೆಯ ದಿನ ಬಾಗಿಲು ತೆರೆಯುವುದಿಲ್ಲ. ಹಾಗಾಗಿ ತಿಂಗಳು ತಿಂಗಳೂ ಆ ದಿನ ದಾವಣಗೆರೆಯಿಂದ ಹರಿಹರಕ್ಕೆ ಕಾರು ಬರುತ್ತಿತ್ತು. ಹೆಂಡತಿ ಕಸ್ತೂರಮ್ಮನವರು ಆಟೋ ಹಿಡಿದು ಹರಿಹರೇಶ್ವರನ ಗುಡಿಗೆ ಹೋಗಿ ಬರುವಷ್ಟರಲ್ಲಿ ಕಾರಿನ ಆಯಿಲು, ಬ್ರೇಕು, ಬೆಲ್ಟು ಎಲ್ಲ ನೋಡಿ ಮುಗಿಯುತ್ತಿತ್ತು. ನಾನಾಗ ಹಗಲು ಆ ಗ್ಯಾರೇಜಿನಲ್ಲಿ ಕೆಲಸ ಮಾಡಿ ಸಂಜೆ ಕಾಲೇಜಿಗೆ ಹೋಗುತ್ತಿದ್ದೆ. ಗ್ರೀಸು ಹತ್ತಿದ ಬೆರಳಿನಲ್ಲೇ ಪುಸ್ತಕ ತೆರೆಯುತ್ತಿದ್ದ ನನ್ನನ್ನು ನೋಡಿ, "ಇವನನ್ನ ಓದಾಕೆ ಬಿಡ್ರಿ ಸಾಬ್ರೆ" ಎಂದು ಮಾಮೂಗೆ ಹೇಳುತ್ತಿದ್ದವರು ವಾಮದೇವಪ್ಪನವರೇ.

ಎರಡನೇ ವಿಂಧ್ಯಕ್ಕೆ ಬಿಡಿಭಾಗ ಸಿಗುವುದು ನಿಂತುಹೋಯಿತು. ಅದಕ್ಕಿಂತ ಹೆಚ್ಚಾಗಿ, ಕಸ್ತೂರಮ್ಮನವರ ಮೊಣಕಾಲು ಹೋಗಿ, ಆ ತಗ್ಗಿನ ಸೀಟಿನಿಂದ ಏಳಲು ಇಬ್ಬರು ಕೈ ಹಿಡಿಯಬೇಕಾಗುತ್ತಿತ್ತು. ಮಗ ವೀರೇಶ್ ಬೇರೆ ಕಂಪನಿಯೊಂದರ ಹೆಸರು ಹೇಳಿದ್ದಕ್ಕೆ ವಾಮದೇವಪ್ಪನವರು ಅವನೊಂದಿಗೆ ಎರಡು ದಿನ ಮಾತು ಬಿಟ್ಟಿದ್ದರಂತೆ. ಕೊನೆಗೆ ನನ್ನ ಬಳಿ ಬಂದರು. ಹೊಸ ವಿಂಧ್ಯದ ಸೀಟು ಎತ್ತರ, ಅಮ್ಮನವರು ಕುರ್ಚಿಯಿಂದ ಎದ್ದಂತೆ ಎದ್ದು ಬರಬಹುದು, ತಗೊಳ್ಳಿ ಎಂದೆ. ಅದರ ಬೇರೆ ವಿಷಯಗಳು ನನಗೆ ಗೊತ್ತಿರಲಿಲ್ಲವೆಂದಲ್ಲ. ಹೇಳಲಿಲ್ಲ.

ಕಾರು ಮನೆಗೆ ಹೋದ ವಾರದಿಂದಲೇ ಅವರ ಫೋನುಗಳು ಶುರುವಾದವು. ಕೀಲಿ ಕೊಟ್ಟಿದ್ದೀರಿ, ಅದನ್ನು ಹಾಕುವ ತೂತೆಲ್ಲಿ? ಸ್ಟೆಪ್ನಿ ಎಲ್ಲಿ? ಸ್ಟೆಪ್ನಿಯ ಬದಲು ಪಂಕ್ಚರಿಗೆಂದು ಒಂದು ಡಬ್ಬಿ ಕೊಟ್ಟಿದ್ದೀರಲ್ಲ, ಇದನ್ನು ಚಕ್ರಕ್ಕೆ ಕುಡಿಸಬೇಕಾ? ಹಳೆಯ ಡಿಕ್ಕಿಯಲ್ಲಿ ಬೆಲ್ಲದ ಹತ್ತು ಪೆಂಟೆ ಹಿಡಿಯುತ್ತಿತ್ತು, ಇದರಲ್ಲಿ ಆರಕ್ಕೇ ಬಾಗಿಲು ಹಾಕಲು ಬರುವುದಿಲ್ಲ. ಫ್ಯಾನು ಜೋರು ಮಾಡಲು ಟೀವಿಯಂಥದ್ದನ್ನು ಒತ್ತಬೇಕು, ಒತ್ತಿದರೆ ಹಾಡು ಬರುತ್ತದೆ. ಹಿಂದೆ ಬರೆದಿರುತ್ತಿದ್ದ ವಿಂಧ್ಯ ಎಂಬ ಓರೆ ಅಕ್ಷರಗಳನ್ನು ಯಾಕೆ ತೆಗೆದರು? ಎಲ್ಲದಕ್ಕೂ ನಾನು ಉತ್ತರ ಕೊಟ್ಟೆ. ಕೊನೆಯದಕ್ಕೆ ಮಾತ್ರ ಉತ್ತರ ಸಿಗಲಿಲ್ಲ.

ಆಮೇಲೆ ಈ ಅಳು ಶುರುವಾಯಿತು.

ಆ ಎಂಟು ದಿನ ನನಗೆ ಊಟ ಸರಿಯಾಗಿ ಸೇರಲಿಲ್ಲ. ಹೆಂಡತಿ ಶಾಹಿಸ್ತಾ, "ಕಾರು ಅವರದು, ಕಂಪನಿ ಬೇರೆಯವರದು, ನಡುವೆ ನೀವ್ಯಾಕೆ ಸೊರಗ್ತೀರಿ?" ಎಂದಳು. ಸರಿಯಾದ ಮಾತೇ. ಆದರೆ ಅವರು ಇನ್ನು ಮೇಲೆ ಗೇಟಿನೊಳಗೆ ಬಂದು 'ದಾನಿಶ್' ಎಂದು ಕರೆಯುವುದಿಲ್ಲ ಎಂಬುದು ತಲೆಯಿಂದ ಹೋಗುತ್ತಿರಲಿಲ್ಲ. ಅಮಾವಾಸ್ಯೆ ಭಾನುವಾರ ಬಿದ್ದಿತ್ತು. ನನಗೂ ರಜೆ. ಶನಿವಾರ ಫೋನು ಮಾಡಿ, ಒಂದು ಸಲ ಮಾಮೂ ನೋಡಲಿ, ಹರಿಹರಕ್ಕೆ ಹೋಗೋಣ ಎಂದೆ.

"ನಿಮ್ಮ ಮಾಮೂಗೆ ಇದರಾಗೆ ಏನು ಕಾಣ್ತೈತೋ? ಬಾನೆಟ್ ಎತ್ತಿದ್ರೆ ಒಳಗೆ ಇನ್ನೊಂದು ಮುಚ್ಚಳ ಐತೆ," ಎಂದರು. ಆಮೇಲೆ ತಾವೇ, "ಏಳಕ್ಕೆ ಬಾ," ಎಂದರು.

ಬೆಳಿಗ್ಗೆ ಎಸ್.ಎಸ್. ಬಡಾವಣೆಯ ಅವರ ಮನೆಗೆ ಹೋದಾಗ ಕಸ್ತೂರಮ್ಮನವರು ಕಾರಿಗೆ ಪೂಜೆ ಮಾಡುತ್ತಿದ್ದರು; ಸೋಮವಾರ, ಅಮಾವಾಸ್ಯೆಗಳಂದು ತಪ್ಪದ ಪೂಜೆ ಅದು. ಬಗ್ಗಲು ಆಗದೆ ಕಾರಿನ ಮುಂದೆ ಒಂದು ಸ್ಟೂಲು ಹಾಕಿಕೊಂಡು ಕೂತಿದ್ದರು.

"ಬಾರಪ್ಪ. ಚಪ್ಪಲಿ ಬಿಟ್ಟು ಬಂದು ಈ ತಟ್ಟೆ ಹಿಡ್ಕಾ. ನಮ್ಮನೆಯವರು ಹಿಡಿದ್ರೆ ಕುಂಕುಮ ಚೆಲ್ತಾರೆ."

ನಾನು ತಟ್ಟೆ ಹಿಡಿದುಕೊಂಡೆ. ಅವರು ವಿಭೂತಿಯನ್ನು ನೀರಿನಲ್ಲಿ ಕಲೆಸಿ ಬೆರಳಿನಿಂದ ಹಚ್ಚಿದರು, ಅದರ ನಡುವೆ ಕುಂಕುಮವಿಟ್ಟರು, ಕೈ ಮುಗಿದರು. ಎಷ್ಟು ಶ್ರದ್ಧೆಯಿಂದ ಮಾಡುತ್ತಾರಲ್ಲ ಎಂದುಕೊಂಡೆನೇ ಹೊರತು ಬೇರೇನೂ ತಲೆಗೆ ಹೊಳೆಯಲಿಲ್ಲ.

ದಾರಿಯುದ್ದಕ್ಕೂ ಕಾರು ಕೂಗಿತು. ನಿಧಾನವಾದಾಗಲೆಲ್ಲ, ಮುಂದೆ ಯಾರೂ ಇಲ್ಲದಿದ್ದರೂ, ಕೀಂ ಕೀಂ. "ಇದಕ್ಕೆ ಹರಿಹರಕ್ಕೆ ಬರಾದು ಇಷ್ಟ ಇಲ್ಲ ಅನ್ಸುತ್ತೆ," ಎಂದರು ಕಸ್ತೂರಮ್ಮ ಹಿಂದಿನ ಸೀಟಿನಿಂದ. "ನಿಮಗೂ ಹಿಂಗೇ ಆಗಿತ್ತು, ಮೊದಲ್ನೇ ಸಲ ನನ್ನ ತವರಿಗೆ ಬಂದಾಗ" ಎನ್ನುವ ಹಾಗೆ ಗಂಡನನ್ನು ನೋಡಿದರು. ಅವರು ನಗಲಿಲ್ಲ. ಹಳೆಯ ಕಾರಿನ ಗೇರು ಇದ್ದ ಕಡೆಗೆ ಎಡಗೈ ಎರಡು ಮೂರು ಸಲ ಹೋಗಿ, ಅಲ್ಲಿ ಏನೂ ಸಿಗದೆ ತೊಡೆಯ ಮೇಲೆ ಬಂದು ಕೂತಿತು.

ಗ್ಯಾರೇಜು ತಲುಪಿದ ಮೇಲೆ ಕಸ್ತೂರಮ್ಮನವರು ಎಂದಿನಂತೆ ಆಟೋದಲ್ಲಿ ಗುಡಿಗೆ ಹೊರಟರು. ವಾಮದೇವಪ್ಪನವರು ತಮ್ಮ ಬೆಂಚಿನ ಮೇಲೆ ಪೇಪರು ಹಿಡಿದು ಕೂತರು. ಮಾಮೂ ಬಾನೆಟ್ ಎತ್ತಿ, ಒಳಗಿನ ಕಪ್ಪು ಮುಚ್ಚಳವನ್ನು ನೋಡಿ, ಸತ್ತವರ ಮುಖ ಮುಚ್ಚಿದ ಹಾಗೆ ಬಾನೆಟ್ಟನ್ನು ಮತ್ತೆ ಮೆಲ್ಲಗೆ ಇಳಿಸಿದರು. ಆಮೇಲೆ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬೀಡಿಯನ್ನು ಹೊತ್ತಿಸದೆ ಬೆರಳಲ್ಲಿ ತಿರುಗಿಸುತ್ತ ಬಹಳ ಹೊತ್ತು ನೋಡಿದರು.

"ದಾನಿಶ್, ಇಧರ್ ಆ. ಈ ನಾಕು ಗುಂಡಿ ಏನಿವು?"

ನಾನು ಪಕ್ಕದಲ್ಲಿ ಕೂತೆ. "ಸೆನ್ಸರ್ ಮಾಮೂ. ಮುಂದೆ ಏನೈತೆ ಅಂತ ನೋಡಾವು ಇವೇ."

"ಕಣ್ಣಾ?"

"ಕಿವಿ ಇದ್ದಂಗೆ. ಇವು ಒಂದು ಸದ್ದು ಬಿಡ್ತಾವೆ, ಅದು ಎದುರಿಗೆ ಬಡಿದು ವಾಪಸ್ ಬಂದ್ರೆ ಕೇಳಿಸ್ಕೊಳ್ತಾವೆ."

"ಹಂಗಾದ್ರೆ ಕಿವಿ ತುಂಬ ಇಷ್ಟು ವಿಭೂತಿ ಮೆತ್ತಿದ್ರೆ ಏನು ಕೇಳಿಸ್ತೈತೆ ಅದಕ್ಕೆ?"

ನಾಲ್ಕೂ ಸೆನ್ಸರುಗಳ ಮೇಲೆ, ಒಂದರ ಮೇಲೊಂದು, ಒಣಗಿದ ವಿಭೂತಿಯ ಪದರಗಳಿದ್ದವು. ಮೇಲೆ ಇವತ್ತಿನ ಕುಂಕುಮ ಇನ್ನೂ ಹಸಿಯಾಗಿತ್ತು. ಆ ಕುಂಕುಮದ ತಟ್ಟೆಯನ್ನು ಹಿಡಿದವನು ನಾನೇ.

ಆದರೆ ನನಗೆ ನಾಚಿಕೆಯಾದದ್ದು ಅದಕ್ಕಲ್ಲ. ಕಾರನ್ನು ಮೂರು ಸಲ ನಮ್ಮಲ್ಲಿ ತೊಳೆದಿದ್ದರು. ಒಂದು ಸಲ ತೊಳೆದಿದ್ದರೂ ಇದೆಲ್ಲ ಹೋಗುತ್ತಿತ್ತು. ಹೋಗಲಿಲ್ಲ, ಯಾಕೆಂದರೆ ಮೂರು ಸಲವೂ ಜಾಬ್ ಕಾರ್ಡಿನ ಮೇಲೆ ನಾನು ನನ್ನ ಕೈಯಾರೆ ಬರೆದಿದ್ದೆ: 'ಮುಂಭಾಗದ ವಿಭೂತಿ, ಕುಂಕುಮ ಮುಟ್ಟಬಾರದು.' ಅದು ಈ ಗ್ಯಾರೇಜಿನಲ್ಲಿ ಕಲಿತ ಪದ್ಧತಿ. ಅಮಾವಾಸ್ಯೆಯ ದಿನ ಬರುವ ಗಾಡಿಗಳ ಮೈಯೆಲ್ಲ ತೊಳೆದರೂ ಪೂಜೆ ಮಾಡಿದ ಜಾಗಕ್ಕೆ ನಮ್ಮ ಬಟ್ಟೆ ತಾಗಬಾರದು ಎಂದು ಮಾಮೂ ಹೇಳುತ್ತಿದ್ದರು. ಹಳೆಯ ವಿಂಧ್ಯದ ಬಾನೆಟ್ಟಿನ ಮೇಲೆ ವರ್ಷಗಟ್ಟಲೆ ಒಂದು ಬಿಳಿ ಗುರುತು ಹಾಗೆಯೇ ಉಳಿದಿತ್ತು. ಅದರಿಂದ ಯಾರಿಗೂ ಏನೂ ಆಗಿರಲಿಲ್ಲ.

ಹೊರಗೆ ಬಂದು ತೋಟಪ್ಪನಿಗೆ ಫೋನು ಮಾಡಿದೆ. ಅವನು ಆಕಳಿಸುತ್ತ, "ನಾನು ಅವತ್ತೇ ನೋಡಿದ್ದೆ ಸಾರ್. ನೀವು ಮುಟ್ಟಬ್ಯಾಡ ಅಂತ ಬರೆದಿದ್ರಿ. ಮತ್ತೆ ಕೇಳಿದ್ರೆ ಏನಂತೀರೋ ಅಂತ ಸುಮ್ಮನಾದೆ," ಎಂದ.

ಮಾಮೂನ ಹತ್ತಿರ ಬಂದು, "ಒರೆಸಿ ನೋಡಣ?" ಎಂದೆ.

"ನಾನು ಒರೆಸಲ್ಲ. ಇಪ್ಪತ್ತಾರು ವರ್ಷದಿಂದ ಒರೆಸಿಲ್ಲ."

"ನಾನು?"

"ನೀನೂ ಒರೆಸಬ್ಯಾಡ. ಹಚ್ಚಿದೋರಿಗೆ ಹೇಳು."

ಸುಮ್ಮನೆ ಒದ್ದೆ ಬಟ್ಟೆಯಿಂದ ಒರೆಸಿ, ಏನೋ ವೈರು ಸರಿ ಮಾಡಿದೆ ಎಂದರೆ ಮುಗಿಯುತ್ತಿತ್ತು ಎಂಬ ಯೋಚನೆ ನನಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಅದರ ಜೊತೆಗೆ ಮುಂದಿನ ಸೋಮವಾರ ಅಮ್ಮನವರು ಮತ್ತೆ ಸ್ಟೂಲು ಹಾಕಿಕೊಂಡು ಕೂರುವುದೂ ಕಣ್ಣಿಗೆ ಬಂತು. ಇನ್ನೊಂದು ಕಡೆ, ನಿಮ್ಮ ಪೂಜೆಯಿಂದಲೇ ಕಾರು ಕೆಟ್ಟಿತು ಎಂಬ ಮಾತು ನನ್ನ ಬಾಯಿಂದ ಅವರಿಗೆ ಹೇಗೆ ಕೇಳಿಸಬಹುದು? ಎಷ್ಟು ಮೆತ್ತಗೆ ಹೇಳಿದರೂ ಅದರೊಳಗೆ ಒಂದು ಮುಳ್ಳು ಉಳಿಯುತ್ತದೇನೋ.

ಬೆಂಚಿನ ಹತ್ತಿರ ಹೋದೆ. "ಸಾವ್ಕಾರ್ರೆ, ತಪ್ಪು ನನ್ನದು," ಎಂದು ಶುರು ಮಾಡಿ, ಜಾಬ್ ಕಾರ್ಡಿನಿಂದ ಹಿಡಿದು ಉಲ್ಟಾ ಹೇಳಿದೆ. ಎರಡು ಸಲ ಹೇಳಬೇಕಾಯಿತು. ಅವರು ಪೇಪರು ಮಡಿಸಿಟ್ಟು ಎದ್ದು ಬಂದು, ಬಂಪರಿನ ಮುಂದೆ ಬಗ್ಗಿ ನಾಲ್ಕು ಬೊಟ್ಟುಗಳನ್ನೂ ಒಂದೊಂದಾಗಿ ನೋಡಿದರು.

"ಇದನ್ನ ಅವಳಿಗೆ ಯಾರು ಹೇಳಾದು?" ಎಂದರು ಕೊನೆಗೆ.

ಮಾಮೂ ಗೋಡೆಗೆ ತೂಗುಹಾಕಿದ್ದ ಪಾನಾಗಳನ್ನು ಎಣಿಸುವವರಂತೆ ಆ ಕಡೆ ತಿರುಗಿದರು.

"ನೀನೇ ಹೇಳು," ಎಂದರು ವಾಮದೇವಪ್ಪನವರು ನನಗೆ. "ತಗೊಳ್ರಿ ಅಂದೋನೂ ನೀನೇ."

ಕಸ್ತೂರಮ್ಮನವರು ಹೂವು ಕಾಯಿ ಹಿಡಿದು ಆಟೋದಿಂದ ಇಳಿದಾಗ ನಾವು ಮೂವರೂ ಸಾಲಾಗಿ ನಿಂತಿದ್ದೆವು. "ಯಾಕ, ಎಲ್ಲಾರೂ ಪರೀಕ್ಷೆ ಫೇಲಾದೋರಂಗೆ ನಿಂತೀರಿ?" ಎಂದರು. ನಾನು ಹೇಳಿದೆ. ಈ ಸಲ ನೇರವಾಗಿ ಹೇಳಿದೆ: ಇವು ಕಾರಿನ ಕಿವಿಗಳು, ಇವುಗಳ ಮೇಲೆ ಏನಾದರೂ ಮೆತ್ತಿದರೆ ಎದುರಿಗೆ ಗೋಡೆ ಇದೆ ಎಂದುಕೊಳ್ಳುತ್ತವೆ, ನನಗೆ ಮೊದಲೇ ಹೊಳೆಯಬೇಕಿತ್ತು.

ಅವರು ನಾಲ್ಕೂ ಬೊಟ್ಟುಗಳನ್ನು ನೋಡಿದರು. ಮುಖ ಸ್ವಲ್ಪ ಸಣ್ಣದಾಯಿತು.

"ನಾನು ಬೊಟ್ಟು ಇಡಾಕೆ ಅಂತ್ಲೇ ಈ ಗುಂಡಿ ಮಾಡ್ಯಾರೆ ಅಂದ್ಕೊಂಡಿದ್ದೆ ಕಣಪ್ಪ," ಎಂದರು. "ಹಳೇದ್ರಾಗೆ ಇರಲಿಲ್ಲ. ಸಾಲಾಗಿ, ಒಂದೇ ಅಳತಿಗೆ, ಬೆರಳು ಕೂರೋ ಅಷ್ಟೇ. ಇವರು ದಿನಾ ಕಂಪನಿಯೋರನ್ನ ಬೈಯಾರು. ಬೈಬ್ಯಾಡ್ರಿ, ಒಂದಾದ್ರೂ ನಮ್ಮಂಥೋರ ನೆನಪಿಟ್ಟು ಮಾಡ್ಯಾರೆ ಅಂತ ನಾನು ಹೇಳ್ತಿದ್ದೆ."

ನನಗೆ ನಮ್ಮ ಕಂಪನಿಯ ಮೇಲೆ ಅವತ್ತು ಬಂದಷ್ಟು ಸಿಟ್ಟು ಎಂದೂ ಬಂದಿರಲಿಲ್ಲ, ಅದೂ ಕಂಪನಿಯ ತಪ್ಪಿಲ್ಲದ ವಿಷಯಕ್ಕೆ.

ಕಸ್ತೂರಮ್ಮನವರೇ ಮಾಮೂನ ಹತ್ತಿರ ಒಂದು ಚೊಂಬು ನೀರು ಕೇಳಿ, ಸ್ಟೂಲು ಹಾಕಿಸಿಕೊಂಡು, ಸೆರಗಿನ ತುದಿ ಒದ್ದೆ ಮಾಡಿ ನಾಲ್ಕನ್ನೂ ಉಜ್ಜಿ ಒರೆಸಿದರು. "ನಾನು ಹಚ್ಚಿದ್ದು ನಾನೇ ತೆಗೆದ್ರೆ ದೇವರು ಏನಂತಾನೆ? ಗಾಡಿಗೆ ಹಾದಿ ಬಿಡು ಅಂತಾನೆ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಈಗ ಎಲ್ಲಿ ಹಚ್ಲಿ? ಇದಕ್ಕೆ ಕಣ್ಣು ಕಿವಿ ಇಲ್ಲದ ಜಾಗ ತೋರ್ಸು," ಎಂದರು.

ಕಂಪನಿಯ ಗುರುತಿನೊಳಗೆ ಕ್ಯಾಮೆರಾ ಇದೆ. ಗಾಜಿನ ಮೇಲ್ಭಾಗದಲ್ಲಿ ಇನ್ನೊಂದಿದೆ. ಬಾನೆಟ್ಟಿನ ನಡುವೆ ಏನೂ ಇಲ್ಲವೆಂದು ನನಗೆ ಗೊತ್ತಿತ್ತು, ಆದರೂ ತೋಟಪ್ಪನಿಗೆ ಮತ್ತೊಂದು ಸಲ ಫೋನು ಮಾಡಿ ಕೇಳಿ ಖಚಿತ ಮಾಡಿಕೊಂಡ ಮೇಲೆಯೇ ಜಾಗ ತೋರಿಸಿದೆ. "ಇಷ್ಟು ವಿಚಾರ ಮಾಡಿ ಹೆಣ್ಣು ಕೊಡಾದಿಲ್ಲ ಕಣ್ರಿ ಜನ," ಎಂದು ಅವರು ಮಾಮೂಗೆ ಹೇಳಿದರು.

ಕಾರನ್ನು ತುಂಗಭದ್ರೆಯ ಸೇತುವೆಯವರೆಗೆ ಓಡಿಸಿಕೊಂಡು ಬಂದೆವು. ಸಂದಣಿಯಲ್ಲಿ ನಿಧಾನವಾದಾಗ ನಾನು ಕಿವಿಗೊಟ್ಟು ಕೂತೆ. ಕೂಗಲಿಲ್ಲ. ಒಂದು ದನ ಅಡ್ಡ ಬಂದಾಗ ಮಾತ್ರ ಎರಡು ಸಲ ಕೀಂ ಎಂದು, ದನ ಸರಿದ ಮೇಲೆ ಸುಮ್ಮನಾಯಿತು.

ಆದರೆ ವಾಮದೇವಪ್ಪನವರ ಮುಖ ಅರಳಲಿಲ್ಲ. ಗ್ಯಾರೇಜಿಗೆ ವಾಪಸು ಬಂದು, ಕಸ್ತೂರಮ್ಮನವರಿಗೆ ಮಾಮೂ ಚಹಾ ತರಿಸುತ್ತಿರುವಾಗ, ಅವರು ನನ್ನನ್ನು ರಸ್ತೆಯಂಚಿನ ಹೊಂಗೆ ಮರದ ಹತ್ತಿರ ಕರೆದುಕೊಂಡು ಹೋದರು. ಅವರು ಈಗ ಮಾರುವ ಮಾತು ಹೇಳುತ್ತಾರೆ ಎಂದುಕೊಂಡೆ.

"ಸುಮ್ಮನಾತು. ಆದ್ರೆ ನನ್ನದು ಅನ್ಸಲ್ಲ ಕಣೋ ಅದು," ಎಂದರು. "ವಿಂಧ್ಯ ಅಂತ ಹೆಸರು ಇಟ್ಕೊಂಡು ಯಾರೋ ಬಂದು ಮನ್ಯಾಗೆ ಕುಂತಂಗೈತೆ."

"ನಾನು ನಿಮಗೆ ಪೂರ್ತಿ ಹೇಳಬೇಕಿತ್ತು ಸಾವ್ಕಾರ್ರೆ. ಸ್ಟೆಪ್ನಿ ಇಲ್ಲ, ಡಿಕ್ಕಿ ಸಣ್ಣದು, ಎಲ್ಲ ಗೊತ್ತಿತ್ತು. ನಾನು ಅಮ್ಮಾರ ಮೊಣಕಾಲು ಅಷ್ಟೇ ನೋಡಿದೆ. ಮಾರಬೇಕು ಅಂದ್ರೆ ನಾನೇ ನಿಂತು ಮಾರಿಸಿ ಕೊಡ್ತೀನಿ."

ಅವರು ಗ್ಯಾರೇಜಿನ ಕಡೆ ನೋಡಿದರು. ಅಲ್ಲಿ ಕಸ್ತೂರಮ್ಮನವರು ಚಹಾದ ಲೋಟ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಬಾಗಿಲಿಗೂ ಆನಿಸದೆ, ಕಾರಿನ ಸೀಟಿನಲ್ಲಿ ಕೂತು ಎದ್ದು ಮಾಮೂಗೆ ತೋರಿಸುತ್ತಿದ್ದರು.

"ಮೊಣಕಾಲು ನೋಡಿದ್ದು ಸರಿಯೇ," ಎಂದರು. "ಮಾರಾದು ಬ್ಯಾಡ." ಆಮೇಲೆ ನನ್ನ ಕಡೆ ತಿರುಗಿ, "ಅದಿರಲಿ. ನಮ್ಮ ಸೊಸಿ ಸ್ನೇಹಾಗೆ ಹರಿಹರದ ಕಾಲೇಜಿನಾಗೆ ಕೆಲಸ ಆಗೈತೆ. ದಿನಾ ಓಡಾಡಬೇಕು. ಒಂದು ಸಣ್ಣ ಗಾಡಿ ಬೇಕಂತಾಳೆ. ಯಾವುದು ತಗೊಳ್ಳಾಣ, ನೀನು ಹೇಳು," ಎಂದರು.

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ನಮ್ಮ ಕಂಪನಿಯ ಸಣ್ಣ ಕಾರು ಈಗಷ್ಟೇ ಬದಲಾಗಿದೆ. ನೋಡಲು ಚೆಂದ. ಅದನ್ನು ಹೇಳಿದರೆ ಮ್ಯಾನೇಜರಿಗೂ ಸಂತೋಷ, ವಾಮದೇವಪ್ಪನವರಿಗೂ ಒಳಗೊಳಗೆ ಸಂತೋಷವೇ. ಆದರೆ ದಿನಾ ಇಪ್ಪತ್ತೆಂಟು ಕಿಲೋಮೀಟರು, ಅದರ ಕ್ಲಚ್ಚನ್ನು ನಮ್ಮಲ್ಲಿ ವಾರಕ್ಕೆ ಎರಡು ಗಾಡಿಗಾದರೂ ಬದಲಾಯಿಸುತ್ತಿದ್ದೇವೆ.

"ನಮ್ಮದು ಬ್ಯಾಡ್ರಿ," ಎಂದೆ. ಯಾವುದನ್ನು ನೋಡಬೇಕೆಂದೂ ಹೇಳಿದೆ. ಅದು ಹಿಂದೆ ವೀರೇಶ್ ಹೇಳಿದ್ದ ಕಂಪನಿಯದೇ.

ಅವರ ಹುಬ್ಬು ಗಂಟಾಯಿತು. "ನಮ್ಮನೆ ಅಂಗಳದಾಗೆ ಅದಾ?"

"ಹೂಂ."

"ನಿಮ್ಮ ಕಂಪನಿಯೋನಾಗಿ ನೀನೇ ಹೇಳ್ತೀಯಾ?"

"ನೀವು ಕೇಳಿದ್ರಿ. ಈ ಸಲ ಪೂರ್ತಿ ಹೇಳಿದೆ."

ಅವರು ಬಹಳ ಹೊತ್ತು ಹೊಂಗೆಯ ಎಲೆಯೊಂದನ್ನು ಕಿತ್ತು ಮಡಿಸುತ್ತ ನಿಂತರು. ಇಪ್ಪತ್ತಾರು ವರ್ಷ ಒಂದೇ ಹೆಸರನ್ನು ಹೇಳಿಕೊಂಡು ಬಂದವರಿಗೆ ಅದು ಸುಲಭವಾಗಿರಲಾರದು.

"ಮಂಗಳವಾರ ಹನ್ನೊಂದಕ್ಕೆ ಮಂಡಿಗೆ ಬಾ," ಎಂದರು. "ಜೊತೆಗೆ ನೋಡಿಕೊಂಡು ಬರಾಣ. ನಿಮ್ಮ ಶೋರೂಮಿನ ಅಂಗಿ ಹಾಕ್ಕೊಂಡು ಬರಬ್ಯಾಡ ಮತ್ತೆ."

"ಇಲ್ಲ ಸಾವ್ಕಾರ್ರೆ. ಕಾರಿನಾಗೆ ಹೋಗಾಣಾ, ನನ್ನ ಬೈಕಿನಾಗಾ?"

ಅವರು ದನಿ ತಗ್ಗಿಸಿ ಗ್ಯಾರೇಜಿನ ಕಡೆ ಒಮ್ಮೆ ನೋಡಿದರು. ವಿಂಧ್ಯ ನೆರಳಿನಲ್ಲಿ ನಿಂತಿತ್ತು.

"ಅದನ್ನ ತಗೊಂಡು ಅಲ್ಲಿಗೆ ಹೋಗಾದು ಚೆಂದಿರಲ್ಲ," ಎಂದರು. "ಆಟೋದಾಗೆ ಹೋಗಾಣ."